ಪುಟ ೨೩೧ರ ಹಿಂಬದಿ

ಆ ಪೆಟ್ಟಿಗೆ ಬಂದದ್ದು ಪೊಂಗಲ್ ರಜೆ ಮುಗಿದ ವಾರ. ಚೆನ್ನೈನ ಗಿಂಡಿಯಲ್ಲಿರುವ ನಮ್ಮ ಆಫೀಸಿಗೆ ಅಮೆರಿಕದಿಂದ ಕಾಗದದ ಪೆಟ್ಟಿಗೆ ಬರುವುದೇ ಒಂದು ಸುದ್ದಿ. ನಾವು ಮಾಡುವುದು ಅಲ್ಲಿನ ಪ್ರಕಾಶಕರ ಪುಸ್ತಕಗಳನ್ನು ಅಚ್ಚಿಗೆ ಸಿದ್ಧಪಡಿಸುವ ಕೆಲಸ. ಪುಟ ಕಟ್ಟುತ್ತೇವೆ, ಲೇಖಕರ ತಿದ್ದುಪಡಿ ಹಾಕುತ್ತೇವೆ, ಕೊನೆಗೆ ಯಾವ ಹೆಸರು ಯಾವ ಪುಟದಲ್ಲಿದೆ ಎಂದು ತೋರಿಸುವ ಇಂಡೆಕ್ಸ್ ಮಾಡುತ್ತೇವೆ. ಎಲ್ಲವೂ ಪರದೆಯ ಮೇಲೇ ಬಂದು ಪರದೆಯ ಮೇಲೇ ಹೋಗುತ್ತದೆ. ಹತ್ತು ವರ್ಷದಿಂದ ಒಬ್ಬ ಲೇಖಕನೂ ನಮಗೆ ಕಾಗದ ಕಳಿಸಿದ್ದಿಲ್ಲ. ಈ ಲೇಖಕರು ಮಾತ್ರ ಕಂಪ್ಯೂಟರಿನಲ್ಲಿ ತಿದ್ದುವುದಿಲ್ಲವೆಂದು ಹಟ ಹಿಡಿದು, ನಾನೂರ ಹನ್ನೆರಡು ಪುಟಗಳನ್ನೂ ಪ್ರಿಂಟ್ ತೆಗೆಸಿಕೊಂಡು, ಪೆನ್ಸಿಲಿನಲ್ಲಿ ತಿದ್ದಿ ಕೊಟ್ಟಿದ್ದರು. ಪ್ರಕಾಶನದವರಿಗೆ ಅದನ್ನು ಸ್ಕ್ಯಾನ್ ಮಾಡುವ ಪುರುಸೊತ್ತಿರಲಿಲ್ಲ. ಹಾಗೇ ಕೊರಿಯರ್‌ಗೆ ಹಾಕಿದ್ದರು.

ಲೇಖಕರು ಅಮೆರಿಕ ಸೈನ್ಯದ ನಿವೃತ್ತ ಜನರಲ್. ಹೆಸರು ಹೇಳುವಂತಿಲ್ಲ, ಅದು ನಮ್ಮ ಕೆಲಸದ ಕರಾರು. ಪುಸ್ತಕ ಅವರ ಸೇವೆಯ ಕಥೆ. ಲೆಫ್ಟಿನೆಂಟ್ ಆಗಿ ಸೇರಿದ ದಿನದಿಂದ ಭುಜದ ಮೇಲೆ ಮೂರು ನಕ್ಷತ್ರ ಕೂರುವವರೆಗೆ. ಬರೆದುಕೊಡಲು ಯಾರನ್ನೋ ಇಟ್ಟುಕೊಂಡಿದ್ದರೆಂದು ಎರಡು ಪುಟ ಓದಿದರೇ ಗೊತ್ತಾಗುತ್ತಿತ್ತು. ಪ್ರತಿ ಕಣಿವೆಯೂ ಭೀಕರ, ಪ್ರತಿ ಸಿಪಾಯಿಯೂ ಸಿಂಹ, ಪ್ರತಿ ನಿರ್ಧಾರವೂ ಚಾರಿತ್ರಿಕ. ಇಂಥ ಬರಹ ಕಂಡರೆ ನನಗೆ ಮೈ ಉರಿಯುತ್ತದೆ.

ಜನರಲ್ ಅವರಿಗೂ ಉರಿದಿತ್ತು ಅಂತ ಕಾಣುತ್ತದೆ. ಸಣ್ಣ, ನೆಟ್ಟಗಿನ ಅಕ್ಷರಗಳಲ್ಲಿ ಪುಟಪುಟದಲ್ಲೂ ತಿದ್ದಿದ್ದರು. ‘ಭೀಕರ’ ಎಂಬಲ್ಲೆಲ್ಲ ಒಂದು ಗೆರೆ. ಶತ್ರುಗಳು ಹೆದರಿ ಓಡಿದರು ಎಂದಿದ್ದ ಕಡೆ ಹೊಡೆದುಹಾಕಿ, ‘ಅವರು ಹೊರಟುಹೋದರು. ನಮ್ಮಲ್ಲಿ ಡೀಸೆಲ್ ಇರಲಿಲ್ಲ, ಬೆನ್ನಟ್ಟಲಿಲ್ಲ’ ಎಂದು ಬರೆದಿದ್ದರು. ತಾನು ರಾತ್ರಿಯಿಡೀ ಎಚ್ಚರವಿದ್ದೆ ಎಂದಿದ್ದ ಕಡೆ ‘ನಾಲ್ಕು ಗಂಟೆ ಮಲಗಿದ್ದೆ’ ಎಂದಿತ್ತು. ಮುದುಕ ಕೂತು ತನ್ನ ಪುಸ್ತಕದ ಗಾಳಿ ತೆಗೆಯುತ್ತಿದ್ದಾನಲ್ಲ ಎಂದು ನಾನು ಒಬ್ಬಳೇ ನಕ್ಕೆ. ಅವರ ಮೇಲೆ ನನಗೆ ಅಲ್ಲೇ ಒಂದು ಪ್ರೀತಿ ಹುಟ್ಟಿತು. ಇಷ್ಟು ವರ್ಷದಲ್ಲಿ ಎಷ್ಟೋ ಲೇಖಕರ ಪ್ರೂಫ್ ನೋಡಿದ್ದೇನೆ. ಹೆಚ್ಚಿನವರು ಕೊನೆಯ ಗಳಿಗೆಯಲ್ಲಿ ತಮ್ಮನ್ನು ಇನ್ನಷ್ಟು ಉಬ್ಬಿಸಿಕೊಳ್ಳುವವರೇ.

ಕಾಗದ ಬಂದಾಗ ಏನು ಮಾಡಬೇಕೆಂಬುದಕ್ಕೆ ನಮ್ಮಲ್ಲಿ ಹಳೆಯ ಕ್ರಮ ಇತ್ತು. ಪುಟಗಳನ್ನು ಐವತ್ತರ ಕಟ್ಟು ಮಾಡಿ ಎಣಿಸಬೇಕು. ಪ್ರತಿ ಕಟ್ಟಿಗೆ ಒಂದು ಚೆಕ್‌ಲಿಸ್ಟ್: ಪುಟಸಂಖ್ಯೆ ಸರಿಯಿದೆಯೇ, ಹರಿದಿದೆಯೇ, ಅಂಟಿಸಿದ ಚೀಟಿ ಇದೆಯೇ, ಹಿಂಬದಿ ಖಾಲಿಯೇ. ತಿದ್ದುಪಡಿ ವಿಭಾಗದ ಹೊಣೆ ನನ್ನದಾದ್ದರಿಂದ ಸಹಿಯೂ ನನ್ನದೇ. ಮೊದಲ ಕಟ್ಟಿನ ಹಾಳೆಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದೆ, ಹಿಂಬದಿ ಖಾಲಿ. ಎರಡನೆಯ ಕಟ್ಟನ್ನು ಹೆಬ್ಬೆರಳಲ್ಲಿ ಸರ್ರನೆ ಬಿಟ್ಟೆ, ಅದೂ ಖಾಲಿ. ಉಳಿದ ಏಳು ಕಟ್ಟುಗಳಿಗೆ ‘ಖಾಲಿ’ ಎಂದು ಟಿಕ್ ಹಾಕಿ ಸಹಿ ಮಾಡಿದೆ. ಸ್ಕ್ಯಾನ್ ಮಾಡುವ ಹೆಂಗಸು ನನ್ನ ಚೆಕ್‌ಲಿಸ್ಟ್ ನೋಡಿ, ಯಂತ್ರವನ್ನು ಒಂದೇ ಬದಿ ತೆಗೆಯುವಂತೆ ಇಟ್ಟು ಕೆಲಸ ಮುಗಿಸಿದಳು. ಆಮೇಲೆ ಸ್ಕ್ಯಾನ್ ಆದ ಚಿತ್ರಗಳನ್ನು ಶುಚಿ ಮಾಡುವುದು ಎಂದು ಒಂದಿದೆ: ಅಂಚು ಕತ್ತರಿಸಿ, ಚುಕ್ಕಿ, ಕಲೆ, ಹಿಂದಿನಿಂದ ಕಾಣುವ ನೆರಳು ಎಲ್ಲ ತೆಗೆದು ಬೆಳ್ಳಗೆ ಮಾಡುತ್ತಾರೆ. ಅದನ್ನೂ ಮಾಡಿದರು. ತುಂಬ ಚೆನ್ನಾಗಿ ಮಾಡಿದರು.

ಐದನೆಯ ದಿನ ನಾವು ಜನರಲ್ ಅವರಿಗೆ ಪ್ರಶ್ನೆಗಳ ಪಟ್ಟಿ ಕಳಿಸಿದೆವು. ಓದಲಾಗದ ಅಕ್ಷರ, ಎರಡು ಕಡೆ ಎರಡು ರೀತಿ ಇರುವ ಇಸವಿ, ಒಬ್ಬನೇ ಅಧಿಕಾರಿಗೆ ಎರಡು ಹುದ್ದೆ, ಹೀಗೆ ಇಪ್ಪತ್ತೇಳು ಪ್ರಶ್ನೆ. ನೇರವಾಗಿ ಲೇಖಕರಿಗೆ ಬರೆಯುವ ಅಧಿಕಾರ ನಮಗಿಲ್ಲ. ಅಮೆರಿಕದ ಸಂಪಾದಕಿಗೆ ಕಳಿಸಬೇಕು, ಆಕೆ ಅವರನ್ನು ಕೇಳಿ ನಮಗೆ ತಿಳಿಸುತ್ತಾರೆ. ಮೂರು ದಿನದಲ್ಲಿ ಇಪ್ಪತ್ತೇಳಕ್ಕೂ ಉತ್ತರ ಬಂತು. ತಿದ್ದುಪಡಿ ಹಾಕಿದೆವು, ಪುಟಗಳನ್ನು ಇನ್ನು ಅಲ್ಲಾಡದಂತೆ ಬಿಗಿ ಮಾಡಿ ಇಂಡೆಕ್ಸ್ ಕೆಲಸ ಶುರು ಮಾಡಿದೆವು.

ಸೈನ್ಯದ ಪುಸ್ತಕಗಳ ಇಂಡೆಕ್ಸಿಗೆ ಒಂದು ಪದ್ಧತಿ ಇದೆ. ಪುಸ್ತಕದೊಳಗೆ ಘಟನೆ ನಡೆದಾಗಿನ ಹುದ್ದೆ ಹಾಕಬೇಕು. ಇಂಡೆಕ್ಸಿನಲ್ಲಿ ಮಾತ್ರ ಆ ಮನುಷ್ಯ ಜೀವನದಲ್ಲಿ ತಲುಪಿದ ಅತಿ ದೊಡ್ಡ ಹುದ್ದೆ. ಹಾಗಾಗಿ ಪುಸ್ತಕದಲ್ಲಿ ಮೇಜರ್ ಆಗಿ ಜೀಪು ಓಡಿಸಿಕೊಂಡು ಬರುವವನು ಇಂಡೆಕ್ಸಿನಲ್ಲಿ ಜನರಲ್ ಆಗಿ ಕೂತಿರುತ್ತಾನೆ. ಒಂದೊಂದು ಹೆಸರನ್ನೂ ಹುಡುಕಿ ಖಚಿತ ಮಾಡಿಕೊಳ್ಳಬೇಕು. ಮಾರ್ಚ್ ತಿಂಗಳಲ್ಲಿ ನಾನು ಅದನ್ನೇ ಮಾಡುತ್ತ ಕೂತಿದ್ದೆ. ಹನ್ನೊಂದನೆಯ ಅಧ್ಯಾಯದ ಹೊತ್ತಿಗೆ ಜನರಲ್ ಇನ್ನೂ ಕರ್ನಲ್, ಮರಳುಗಾಡಿನ ದೇಶವೊಂದರಲ್ಲಿ ಒಂದು ಬ್ರಿಗೇಡಿನ ಮುಖ್ಯಸ್ಥರು. ಅಲ್ಲಿ ಅವರ ಸುತ್ತ ಇದ್ದ ಹದಿನಾಲ್ಕು ಅಧಿಕಾರಿಗಳಲ್ಲಿ ಹದಿಮೂರು ಜನ ಇಂಡೆಕ್ಸಿಗೆ ಬರುವಷ್ಟರಲ್ಲಿ ಮೇಲೇರಿದ್ದರು. ಒಬ್ಬ ಮಾತ್ರ ಕ್ಯಾಪ್ಟನ್ ಆಗಿ ಬಂದು ಕ್ಯಾಪ್ಟನ್ ಆಗಿಯೇ ಉಳಿದಿದ್ದ. ಎಂಜಿನಿಯರ್ ಕ್ಯಾಪ್ಟನ್. ಇಡೀ ಪುಸ್ತಕದಲ್ಲಿ ಅವನಿಗೆ ಒಂದೇ ಒಂದು ಪುಟ, ೨೩೧.

ಏನೋ ಬಿಟ್ಟುಹೋಗಿದೆ, ಜನರಲ್ ಎಲ್ಲಾದರೂ ಅಂಚಿನಲ್ಲಿ ಹುದ್ದೆ ತಿದ್ದಿರಬಹುದು ಎಂದುಕೊಂಡೆ. ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ. ಎದ್ದುಹೋಗಿ ಬೀರುವಿನಿಂದ ಮೂಲ ಹಾಳೆಯನ್ನೇ ತೆಗೆದೆ. ಹಾಳೆಯ ಕೆಳಗಿನ ಮೂಲೆಯಲ್ಲಿ, ಸ್ಕ್ಯಾನಿನ ಅಂಚು ಕತ್ತರಿಸುವಾಗ ಹೋಗುವಷ್ಟು ತುದಿಯಲ್ಲಿ, ಪೆನ್ಸಿಲಿನ ಒಂದು ಸಣ್ಣ ಬಾಣ ಇತ್ತು. ಹಾಳೆ ತಿರುಗಿಸಿದೆ.

ಹಿಂಬದಿಯಲ್ಲಿ ಒಂಬತ್ತು ಸಾಲು ಬರೆದಿದ್ದರು.

ಮುಂಬದಿಯಲ್ಲಿ ಅಚ್ಚಾಗಿದ್ದ ಕಥೆ ಇಷ್ಟು. ಕಾಲುವೆಯ ಮೇಲೊಂದು ಸೇತುವೆ. ಬ್ರಿಗೇಡಿನ ಭಾರಿ ಗಾಡಿಗಳು ಅದರ ಮೇಲೆ ಹೋಗಬೇಕು. ಎಂಜಿನಿಯರ್ ಕ್ಯಾಪ್ಟನ್ ಸೇತುವೆ ನೋಡಿ ಬಂದು ಕೊಟ್ಟ ಲೆಕ್ಕ ತಪ್ಪಾಗಿತ್ತು. ಸೇತುವೆ ಕುಸಿದು ನಾಲ್ವರು ಸಿಪಾಯಿಗಳು ಮುಳುಗಿ ಸತ್ತರು. ವಿಚಾರಣೆ ನಡೆದು ಕ್ಯಾಪ್ಟನ್ ಸೈನ್ಯ ಬಿಡಬೇಕಾಯಿತು. ಹಿಂಬದಿಯ ಒಂಬತ್ತು ಸಾಲು ಹೀಗಿತ್ತು:

‘ಈ ಪ್ಯಾರಾ ಸುಳ್ಳು. ಇದನ್ನು ತೆಗೆದು ಕೆಳಗಿನದನ್ನು ಹಾಕಿ. ಸೇತುವೆ ತಡೆಯುವುದಿಲ್ಲವೆಂದು ಕ್ಯಾಪ್ಟನ್ ನನಗೆ ಹೇಳಿದ. ಬರೆದೂ ಕೊಟ್ಟ. ನಾನು ಆ ಕಾಗದವನ್ನು ಜೇಬಿಗೆ ಹಾಕಿಕೊಂಡು ಗಾಡಿಗಳನ್ನು ಕಳಿಸಿದೆ. ವಿಚಾರಣೆಯಲ್ಲಿ, ಯಾವ ಕಾಗದವೂ ನನ್ನ ಕೈ ಸೇರಲಿಲ್ಲ ಎಂದೆ. ಮರುವರ್ಷ ನನಗೆ ಮೊದಲ ನಕ್ಷತ್ರ ಸಿಕ್ಕಿತು. ಕ್ಯಾಪ್ಟನ್ ಇನ್ನೂ ಬದುಕಿದ್ದಾನೆ. ಇದು ಅವನು ಓದುವಂತೆ ಅಚ್ಚಾಗಬೇಕು.’

ನಾನು ಬೀರುವಿನ ಪಕ್ಕದ ಸ್ಟೂಲಿನ ಮೇಲೆ ಕೂತೆ. ಆಮೇಲೆ ಉಳಿದ ನಾನೂರ ಹನ್ನೊಂದು ಹಾಳೆಗಳನ್ನೂ ಒಂದೊಂದಾಗಿ ತಿರುಗಿಸಿ ನೋಡಿದೆ. ಬೇರೆ ಯಾವುದರ ಹಿಂದೆಯೂ ಏನೂ ಇರಲಿಲ್ಲ. ಇಡೀ ಪುಸ್ತಕದಲ್ಲಿ ಅವರಿಗೆ ಅಂಚು ಸಾಲದೆ ಹೋದದ್ದು ಅದೊಂದೇ ಕಡೆ.

ಅಚ್ಚಿನ ಫೈಲು ಹೋಗಲು ಮೂರು ದಿನ ಇತ್ತು. ಕೇಳುವ ಮೊದಲೇ ಮಾಡಿಟ್ಟುಕೊಳ್ಳುವುದು ನನ್ನ ಸ್ವಭಾವ. ‘ಆಗುವುದಿಲ್ಲ’ ಎನ್ನಲು ಜನರಿಗೆ ಮೊದಲು ಸಿಗುವ ನೆಪ ಕೆಲಸ ಕಷ್ಟ ಎಂಬುದು. ಆ ನೆಪ ನಾನು ಉಳಿಸುವುದಿಲ್ಲ. ಫೈಲಿನ ಒಂದು ನಕಲು ಮಾಡಿಕೊಂಡು ಕೂತೆ. ಹಳೆಯ ಪ್ಯಾರಾ ತೆಗೆದು ಹೊಸದನ್ನು ಹಾಕಿದರೆ ಐದು ಸಾಲು ಹೆಚ್ಚಾಗುತ್ತಿತ್ತು. ಪುಟ ೨೩೧ರಲ್ಲಿ ಜಾಗವಿಲ್ಲ, ೨೩೨ಕ್ಕೆ ಜಾರುತ್ತದೆ, ಅಲ್ಲಿಂದ ಮುಂದಕ್ಕೆ. ಆದರೆ ಅಧ್ಯಾಯ ೨೩೬ರಲ್ಲಿ ಅರ್ಧ ಪುಟ ಖಾಲಿ ಬಿಟ್ಟು ಮುಗಿಯುತ್ತಿತ್ತು. ಜಾರಿದ್ದು ಅಲ್ಲಿ ಕೂತುಕೊಳ್ಳುತ್ತದೆ, ಮುಂದಿನ ಅಧ್ಯಾಯ ಮಿಸುಕುವುದೂ ಇಲ್ಲ. ಒಂದು ಪ್ಯಾರಾದ ಕೊನೆಯ ಸಾಲು ಮಾತ್ರ ಒಂಟಿಯಾಗಿ ಪುಟದ ತಲೆಗೆ ಬರುತ್ತಿತ್ತು. ಪದಗಳ ನಡುವಿನ ಜಾಗ ಕೂದಲೆಳೆಯಷ್ಟು ಬಿಗಿ ಮಾಡಿ ಅದನ್ನೂ ಒಳಗೆಳೆದುಕೊಂಡೆ. ಆ ಆರು ಪುಟಗಳಿಗೆ ಸಂಬಂಧಿಸಿದ ಮೂವತ್ತನಾಲ್ಕು ಇಂಡೆಕ್ಸ್ ನಮೂದುಗಳನ್ನು ಮತ್ತೆ ನೋಡಿದೆ. ಎರಡು ಬದಲಾದವು. ಊಟದ ಹೊತ್ತಿಗೆ ಎಲ್ಲ ಸಿದ್ಧವಾಗಿತ್ತು. ಪುಸ್ತಕದಲ್ಲಿ ಏನೂ ಆಗಿಲ್ಲವೆಂಬಂತೆ ಕೂತಿತ್ತು ಆ ಸತ್ಯ.

ಹಾಳೆಯನ್ನೂ ನನ್ನ ಚೆಕ್‌ಲಿಸ್ಟನ್ನೂ ತೆಗೆದುಕೊಂಡು ಮ್ಯಾನೇಜರ್ ಹತ್ತಿರ ಹೋದೆ. ಹಾಸನದ ಕಡೆಯವರು, ಚೆನ್ನೈಗೆ ಬಂದು ಮೂರು ವರ್ಷ, ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. ಎಲ್ಲರ ಮುಂದೆ ‘ಮೇಡಂ’ ಎನ್ನುವವರು ಬಾಗಿಲು ಹಾಕಿದರೆ ‘ಅಕ್ಕಾ’ ಎನ್ನುತ್ತಾರೆ. ಪೆರಂಬೂರಿನ ರೈಲ್ವೆ ಕ್ವಾರ್ಟರ್ಸ್‌ನಲ್ಲಿ ಹುಟ್ಟಿ ಬೆಳೆದ ನನ್ನ ಅರ್ಧ ತಮಿಳಿನ ಕನ್ನಡ ಕೇಳಿ ಮೊದಲ ದಿನ ನಕ್ಕಿದ್ದರು. ಅವತ್ತು ನಗಲಿಲ್ಲ. ಹಾಳೆಯನ್ನು ಹಿಂದೆ ಮುಂದೆ ಮಾಡಿ ಎರಡು ಸಲ ಓದಿದರು.

“ಅಕ್ಕಾ, ಇದು ಯಾರ್ ಕಣ್ಗೂ ಬಿದ್ದಿಲ್ಲ. ನಾವಾಗೇ ಹೇಳಿದ್ರೆ ಅವ್ರು ಚೆಕ್‌ಲಿಸ್ಟ್ ಕೇಳ್ತಾರೆ. ಖಾಲಿ ಅಂತ ನಿಮ್ ಸೈನ್ ಅದೆ.”

“ಇರಲಿಪ್ಪಾ, ಸೈನ್ ನಂದು ತಾನೇ? ಕಳಿಸಿ,” ಎಂದೆ.

ಹದಿನೆಂಟು ಜನ ಈ ಪ್ರಕಾಶನದ ಕೆಲಸದ ಮೇಲೇ ಇದ್ದಾರೆ ಎಂದು ನೆನಪಿಸಿದರು. ಸುಳ್ಳು ಚೆಕ್‌ಲಿಸ್ಟ್ ಕೊಡುವವರು ಎಂದು ಹೆಸರು ಬಂದರೆ ಕೆಲಸ ಬೇರೆ ಕಡೆ ಹೋಗುತ್ತದೆ, ಹೋದ ವರ್ಷ ಅಂಬತ್ತೂರಿನ ಒಂದು ಕಂಪನಿಗೆ ಹಾಗೇ ಆಯಿತು ಎಂದರು. ಅವರು ಹೇಳಿದ್ದರಲ್ಲಿ ಒಂದು ಮಾತೂ ತಪ್ಪಿರಲಿಲ್ಲ. ನನ್ನ ಕೈಕೆಳಗಿನ ಆರು ಜನರ ಮುಖ ಗಾಜಿನ ಆಚೆ ಕಾಣುತ್ತಿತ್ತು. ನನ್ನ ಸೋಮಾರಿತನಕ್ಕೆ ಅವರ ಅನ್ನ ಹೋಗಬೇಕೇ?

ಕೊನೆಗೆ ಅವರೇ ಹಾಳೆಯನ್ನು ನನ್ನ ಕಡೆ ತಳ್ಳಿದರು. “ಇದನ್ನ ಓದ್ಬುಟ್ಟು ಸುಮ್ನೆ ಕೂರಕ್ಕಾಗಲ್ಲ ಅಕ್ಕಾ. ಬರೀರಿ. ಕೆಳಗೆ ನನ್ ಹೆಸ್ರೂ ಹಾಕಿ.”

ಬರೆದೆ. ತಪ್ಪು ನನ್ನದು, ಹಾಳೆ ತಿರುಗಿಸದೆ ಸಹಿ ಹಾಕಿದೆ ಎಂದು ಮೊದಲ ಸಾಲಿನಲ್ಲೇ ಬರೆದೆ. ಹಾಳೆಯ ಎರಡೂ ಬದಿಯ ಚಿತ್ರ, ಶುಚಿ ಮಾಡದೆ ಇದ್ದ ಹಾಗೆ. ಹೊಸದಾಗಿ ಕಟ್ಟಿದ ಆರು ಪುಟ, ತಿದ್ದಿದ ಇಂಡೆಕ್ಸ್. ಅಚ್ಚಿಗೆ ಒಂದು ಗಂಟೆಯೂ ತಡವಾಗುವುದಿಲ್ಲ, ಜನರಲ್ ಅವರ ಒಪ್ಪಿಗೆಯೊಂದು ಸಾಕು. ಫೋನಿನಲ್ಲಿ ‘ಹೌದು’ ಎಂದರೂ ಸಾಕು.

ಮರುದಿನ ಉತ್ತರವಿಲ್ಲ. ಅದರ ಮರುದಿನ ಬೆಳಿಗ್ಗೆ ನಾನು ಬರುವಷ್ಟರಲ್ಲಿ ಸಂಪಾದಕಿಯ ಪತ್ರ ಬಂದಿತ್ತು. ಸಿಟ್ಟಿನದಲ್ಲ, ಅದೇ ಕಷ್ಟವಾಯಿತು. ಜನರಲ್ ಅವರಿಗೆ ಪಾರ್ಶ್ವವಾಯು ಬಡಿದು ಆರು ವಾರವಾಗಿದೆ. ಮಾತಿಲ್ಲ, ಬಲಗೈ ಇಲ್ಲ, ಹೇಳಿದ್ದು ಅರ್ಥವಾಗುತ್ತದೆಯೋ ಇಲ್ಲವೋ ಡಾಕ್ಟರಿಗೂ ಗೊತ್ತಿಲ್ಲ. ಅವರ ಪರವಾಗಿ ಸಹಿ ಮಾಡುವ ಅಧಿಕಾರ ಈಗ ಮಗಳದು. ಸಂಪಾದಕಿ ಆಕೆಗೆ ಚಿತ್ರಗಳನ್ನು ಕಳಿಸಿದ್ದರು, ಆಕೆ ಒಪ್ಪಲಿಲ್ಲ. ತಂದೆ ಕೊನೆಕೊನೆಗೆ ಯಾವುದಕ್ಕೂ ತಮ್ಮನ್ನೇ ದೂರಿಕೊಳ್ಳುತ್ತಿದ್ದರು, ಇದು ಕಾಯಿಲೆಯ ಮಾತು, ಪುಸ್ತಕ ಇದ್ದ ಹಾಗೇ ಹೋಗಲಿ ಎಂದಿದ್ದಾರೆ. ಪ್ರಕಾಶನದ ವಕೀಲರದೂ ಅದೇ ಮಾತು.

ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಸಂಪಾದಕಿ ಒಳ್ಳೆಯವರು, ಮನಸ್ಸಿನಲ್ಲಿದ್ದದ್ದನ್ನೂ ಬರೆದಿದ್ದರು. ‘ನಿಮ್ಮ ಇಪ್ಪತ್ತೇಳು ಪ್ರಶ್ನೆಗಳನ್ನು ನಾನು ಅವರಿಗೆ ಫೋನಿನಲ್ಲಿ ಓದಿದೆ. ಎಲ್ಲಕ್ಕೂ ಸ್ಪಷ್ಟವಾಗಿ ಉತ್ತರಿಸಿದರು. ಮುಗಿದ ಮೇಲೆ, ಇಷ್ಟೇನಾ ಅವರು ಕೇಳಿದ್ದು ಎಂದರು. ಇಷ್ಟೇ ಎಂದೆ. ಹನ್ನೊಂದನೆಯ ಅಧ್ಯಾಯದಲ್ಲಿ ಏನೂ ಕೇಳಲಿಲ್ಲವಾ ಎಂದು ಮತ್ತೆ ಕೇಳಿದರು. ಇಲ್ಲ, ಎಲ್ಲ ಅರ್ಥವಾಗಿದೆಯಂತೆ ಎಂದೆ. ಒಳ್ಳೆಯದು ಎಂದು ಫೋನಿಟ್ಟರು. ಅದಾಗಿ ಎರಡು ದಿನಕ್ಕೆ ಹೀಗಾಯಿತು.’

ಜನರಲ್ ಏನು ತಿಳಿದುಕೊಂಡಿರಬೇಕು ಎಂದು ಯೋಚಿಸಿ. ಚೆನ್ನೈಯಲ್ಲಿ ಯಾರೋ ಅದನ್ನು ಓದಿದ್ದಾರೆ, ಓದಿ ಏನೂ ಕೇಳದೆ ಹಾಕಿದ್ದಾರೆ, ಆಯಿತು, ಮುಗಿಯಿತು ಎಂದುಕೊಂಡೇ ಫೋನಿಟ್ಟಿದ್ದಾರೆ. ನಾನು ಟಾಯ್ಲೆಟ್ಟಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಅತ್ತರೆ ಏನು ಬಂತು?

ಆದರೂ ಇನ್ನೊಮ್ಮೆ ಬರೆದೆ. ಕಾಯಿಲೆಯ ಮಾತಾದರೆ ಕೈ ನಡುಗಿರಬೇಕಿತ್ತು. ಹಿಂಬದಿಯ ಅಕ್ಷರವೂ ಮುಂಬದಿಯ ಅಕ್ಷರವೂ ಒಂದೇ ಹದದಲ್ಲಿವೆ, ಒಂದೇ ಪೆನ್ಸಿಲು. ಅವರ ಉಳಿದ ಆರುನೂರು ಚಿಲ್ಲರೆ ತಿದ್ದುಪಡಿಗಳನ್ನು ಯಾರ ಒಪ್ಪಿಗೆಯೂ ಕೇಳದೆ ಹಾಕಿದ್ದೇವೆ. ‘ನಾಲ್ಕು ಗಂಟೆ ಮಲಗಿದ್ದೆ’ ಎಂದದ್ದು ಬುದ್ಧಿ ನೆಟ್ಟಗಿದ್ದಾಗ, ‘ನಾನು ಸುಳ್ಳು ಹೇಳಿದೆ’ ಎಂದದ್ದು ಬುದ್ಧಿ ಕೆಟ್ಟಾಗಲೇ? ಇಷ್ಟು ಖಾರವಾಗಿ ಬರೆದದ್ದನ್ನು ಮ್ಯಾನೇಜರ್ ಓದಿ, ಕೊನೆಯ ಪ್ರಶ್ನೆ ಮಾತ್ರ ತೆಗೆಸಿ, ಕಳಿಸಿದರು. ಹೊಸ ಪ್ಯಾರಾ ಬೇಡ, ಸುಳ್ಳಿನ ಪ್ಯಾರಾವನ್ನಾದರೂ ತೆಗೆಯಬಹುದಲ್ಲ ಎಂದೂ ಕೇಳಿದ್ದೆ. ಎರಡು ಸಾಲಿನ ಉತ್ತರ ಬಂತು. ನಿಮ್ಮ ಭಾವನೆ ನನಗೆ ಅರ್ಥವಾಗುತ್ತದೆ. ದಯವಿಟ್ಟು ಮೊದಲಿನ ಫೈಲನ್ನೇ ಇಂದು ಕಳಿಸಿ.

ನಾನು ಕಟ್ಟಿದ್ದ ನಕಲನ್ನು ಮುಚ್ಚಿ ಮೊದಲಿನ ಫೈಲನ್ನೇ ಕಳಿಸಿದೆ. ಹಾಗೆಂದು ಹೇಳುವಾಗ ಎಷ್ಟು ಸಲೀಸು. ಕಳಿಸುವ ಮುನ್ನ ಪುಟ ೨೩೧ ತೆರೆದು, ‘ಕೊಟ್ಟ ಲೆಕ್ಕ ತಪ್ಪಾಗಿತ್ತು’ ಎಂಬ ಸಾಲನ್ನು ಇನ್ನೊಮ್ಮೆ ಓದಿದೆ. ಅಕ್ಷರ ದೋಷ ಏನೂ ಇರಲಿಲ್ಲ.

ನಮಗೆ ಏನೂ ಆಗಲಿಲ್ಲ. ಕೆಲಸ ಹೋಗಲಿಲ್ಲ, ನನ್ನ ಸಹಿಯನ್ನು ಯಾರೂ ಎತ್ತಿ ಆಡಲಿಲ್ಲ. ತಪ್ಪನ್ನು ತಾವಾಗಿಯೇ ಹೇಳಿದ್ದಕ್ಕೆ ಮೆಚ್ಚುಗೆ ಎಂದು ಪ್ರಕಾಶನದಿಂದ ಬಂದ ಪತ್ರವನ್ನು ಆಫೀಸಿನ ಬೋರ್ಡಿಗೆ ಹಚ್ಚಿದರು. ಆ ಬೋರ್ಡಿನ ಮುಂದೆ ಹೋಗುವುದು ತಪ್ಪಿಸಲು ನಾನು ಹಿಂದಿನ ಮೆಟ್ಟಿಲು ಹತ್ತಿ ಬರುತ್ತಿದ್ದೆ.

ಕರಾರಿನ ಪ್ರಕಾರ, ಫೈಲು ಹೋದ ಆರು ವಾರಕ್ಕೆ ಲೇಖಕರು ತಿದ್ದಿದ ಕಾಗದಗಳನ್ನು ಯಂತ್ರಕ್ಕೆ ಹಾಕಿ ಚೂರು ಮಾಡಿಸಬೇಕು, ಮಾಡಿಸಿದೆವೆಂದು ಬರೆದುಕೊಡಬೇಕು. ಮೇ ತಿಂಗಳ ಒಂದು ಮಧ್ಯಾಹ್ನ ಹಾಳೆಗಳನ್ನು ಎಣಿಸಿದೆ. ಆ ಒಂದು ಹಾಳೆಯನ್ನು ಕೈಚೀಲಕ್ಕೆ ಹಾಕಿಕೊಂಡಿದ್ದರೆ ಯಾರೂ ಕೇಳುತ್ತಿರಲಿಲ್ಲ. ಹಾಕಿಕೊಳ್ಳಲಿಲ್ಲ. ಹೆದರಿದೆ ಎಂದೇ ಹೇಳುತ್ತೇನೆ. ಒಂದು ಸಲ ಕ್ರಮ ತಪ್ಪಿದ್ದಕ್ಕೆ ಇಷ್ಟಾಯಿತು, ಇನ್ನೊಂದು ಸಲ ಬೇಡ ಎಂಬ ಹೆದರಿಕೆ. ಕಂಪ್ಯೂಟರಿನಲ್ಲಿದ್ದ ಚಿತ್ರಗಳೂ ಅದೇ ದಿನ ಹೋದವು. ನಾನೂರ ಹನ್ನೆರಡು ಎಂದು ಬರೆದು ಸಹಿ ಮಾಡಿದೆ.

ಜೂನ್ ಕೊನೆಯಲ್ಲಿ ಪುಸ್ತಕ ಅಚ್ಚಾಗಿ ಬಂತು. ಗೌರವ ಪ್ರತಿಗಳನ್ನು ಕಳಿಸಲು ವಿಳಾಸದ ಚೀಟಿಗಳ ಫೈಲು ಮಾಡಿಕೊಡುವ ಕೆಲಸ ಕೊನೆಯದಾಗಿ ನಮ್ಮ ಪಾಲಿಗೆ ಬರುತ್ತದೆ. ಪಟ್ಟಿಯಲ್ಲಿ ಅರವತ್ತು ಹೆಸರು. ಕಾಯಿಲೆ ಬೀಳುವ ಮೊದಲು ಜನರಲ್ ಅವರೇ ಬರೆಸಿದ್ದಂತೆ. ಜನರಲ್‌ಗಳು, ಕರ್ನಲ್‌ಗಳು, ಇಬ್ಬರು ಸೆನೆಟರ್‌ಗಳು. ಪಟ್ಟಿಯ ಮೊದಲ ಹೆಸರು, ಅವರೆಲ್ಲರಿಗಿಂತ ಮೇಲೆ, ಆ ಕ್ಯಾಪ್ಟನ್‌ದು. ಯಾವುದೋ ಸಣ್ಣ ಊರಿನ ವಿಳಾಸ.

ಪಟ್ಟಿಯನ್ನು ಮ್ಯಾನೇಜರ್‌ಗೆ ತೋರಿಸಿದೆ. “ಈ ಒಂದು ಹೆಸರು ತೆಗೆದುಬಿಡಲಾ? ಅವನಿಗೆ ಈ ಪುಸ್ತಕ ಹೋಗೋದು ಬೇಡ.”

ಪಟ್ಟಿಯ ತಲೆಯಲ್ಲಿದ್ದ ಆ ಹೆಸರನ್ನು ಓದಿದರು. “ಜನರಲ್ ಅವ್ರೇ ಬರ್ಸಿರದು ಅಕ್ಕಾ. ಅವ್ರು ಹೇಳಿದ್ರಲ್ಲಿ ಇದೊಂದಾದ್ರೂ ನಡೀಲಿ.”

ಕ್ಯಾಪ್ಟನ್‌ಗೇ ಒಂದು ಕಾಗದ ಬರೆದುಬಿಡಲೇ ಎಂದು ಎರಡು ದಿನ ಯೋಚಿಸಿದೆ. ಏನೆಂದು ಬರೆಯಲಿ? ನಾನೊಂದು ಹಾಳೆ ಓದಿದ್ದೆ, ಈಗ ಅದು ನನ್ನ ಕೈಯಲ್ಲಿ ಇಲ್ಲ, ನಂಬಿ ಎಂದೇ? ಕಾಗದ ಕೊಟ್ಟಿದ್ದೆ ಎಂದು ಆತನೂ ಒಮ್ಮೆ ಹಾಗೇ ಹೇಳಿ ನೋಡಿರಬೇಕು.

ಮೂರನೆಯ ದಿನ ಅರವತ್ತು ಚೀಟಿಗಳ ಫೈಲು ಕಳಿಸಿದೆ.

ಪುಸ್ತಕದಲ್ಲಿ ತನ್ನ ಹೆಸರಿದೆ ಎಂದು ಗೊತ್ತಿರುವ ಯಾರೂ ಅದನ್ನು ಮೊದಲಿನಿಂದ ಓದುವುದಿಲ್ಲ. ಹಿಂದಿನಿಂದ ತೆರೆದು ಇಂಡೆಕ್ಸಿನಲ್ಲಿ ಹುಡುಕುತ್ತಾರೆ. ಆತನೂ ಹಾಗೇ ಮಾಡಿರುತ್ತಾನೆ. ಇಷ್ಟು ವರ್ಷದ ಮೇಲೆ ಜನರಲ್ ತಾವಾಗಿ ಕಳಿಸಿದ್ದಾರೆಂದರೆ ಏನೋ ಹೇಳಿರಬೇಕು ಎಂದುಕೊಂಡು, ಕನ್ನಡಕ ಹಾಕಿಕೊಂಡು ಹುಡುಕಿರುತ್ತಾನೆ. ಹೆಸರು ಸಿಕ್ಕಿರುತ್ತದೆ, ಅದರ ಮುಂದೆ ಒಂದೇ ಒಂದು ಪುಟಸಂಖ್ಯೆ. ಆ ಸಂಖ್ಯೆ ಸರಿಯಾಗಿದೆ. ನಾನೇ ಎರಡು ಸಲ ನೋಡಿದ್ದೆ.